ಮೂರು ಕಣ್ಣು, ನಾಲ್ಕು ಕೈ, ಒಂದು ಫ್ಲೆಕ್ಸು

ಹಾನಗಲ್ಲಿನ ಕದಂಬರ ಕಾಮದೇವ ಮಾಡಿದ ದೊಡ್ಡ ತಪ್ಪೆಂದರೆ, ಈಗಿನ ಮತದಾರರ ಪಟ್ಟಿಯಲ್ಲಿ ‘ಇವರು ನನ್ನ ಮಂದಿ’ ಎಂದು ಬೆರಳು ಮಾಡಿ ತೋರಿಸಲು ಹತ್ತು ಮನೆಯನ್ನೂ ಬಿಡದೆ ಹೋದದ್ದು. ಉಳಿದ ಏರ್ಪಾಟಿನಲ್ಲೆಲ್ಲ ಅವನ ವಂಶದವರು ಜಾಣರೇ. ತಮ್ಮ ಮೂಲಪುರುಷನಿಗೆ ಮೂರು ಕಣ್ಣು, ನಾಲ್ಕು ಕೈ ಇದ್ದವೆಂದು ಕಲ್ಲಿನ ಮೇಲೆ ಕೊರೆಸಿದರು. 84 ಪಟ್ಟಣಗಳ ಒಡೆತನ, 18 ಅಶ್ವಮೇಧ, ಹಿಮಾಲಯದ ಶಿಖರದಲ್ಲಿ ಕಂಬ ನೆಟ್ಟು ಆನೆ ಕಟ್ಟಿದ ಪರಾಕ್ರಮ, ಸಿಂಹ ಲಾಂಛನ, ವಾನರ ಧ್ವಜ, ಪೆರ್ಮಟ್ಟಿ ಎಂಬ ವಾದ್ಯ, ಒಂದೂ ಬಿಟ್ಟಿಲ್ಲ. ಧರ್ಮಾ ನದಿಯ ದಂಡೆಗೆ ಕೂತು ಪಾನುಂಗಲ್ಲು-500, ಬನವಾಸಿ-12000 ಎಂಬ ಸೀಮೆಗಳನ್ನು ನೋಡಿಕೊಂಡಿದ್ದವರು ಹಿಮಾಲಯದತನಕ ಆನೆ ಹೊಡೆದುಕೊಂಡು ಹೋಗಿಬಂದದ್ದು ಯಾವ ಸಾಲಿನ ಅನುದಾನದಲ್ಲಿ ಎಂದು ಕೇಳಲು ಆಗ ಲೆಕ್ಕಪರಿಶೋಧಕರು ಇರಲಿಲ್ಲ.

ಕಾಮದೇವ ಅಧಿಕಾರಕ್ಕೆ ಬಂದದ್ದು 1180ರ ಆಸುಪಾಸಿನಲ್ಲಿ. ಸರಿಯಾಗಿ ಅದೇ ಹೊತ್ತಿಗೆ, 1181ರಲ್ಲಿ, ಸಮುದ್ರದಾಚೆ ಕಾಂಬೋಡಿಯಾದಲ್ಲಿ ಏಳನೆಯ ಜಯವರ್ಮ ಪಟ್ಟವೇರಿದ. ಅವನೂ ಸಂಸ್ಕೃತದಲ್ಲಿ ಶಾಸನ ಬರೆಸುವ ಪೈಕಿ. ಹೆಸರಿಗೆ ‘ವರ್ಮ’ ಅಂಟಿಸಿಕೊಳ್ಳುವ ಚಾಳಿ ಬನವಾಸಿಯ ಹಳೆಯ ಕದಂಬರಲ್ಲೂ ಇತ್ತು. ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮ ಎಂದೆಲ್ಲ ಶಾಲೆಯಲ್ಲಿ ಉರುಹೊಡೆದಿದ್ದೇವಲ್ಲ. ಇಬ್ಬರಿಗೂ ಪಕ್ಕದವನ ಕಾಟ ಒಂದೇ ನಮೂನೆ. ಅವನಿಗೆ ಚಂಪಾದ ಚಾಮರು, ಇವನಿಗೆ ದೋರಸಮುದ್ರದ ಹೊಯ್ಸಳರು. ಸಾಮ್ಯ ಅಲ್ಲಿಗೆ ಮುಗಿಯಿತು. ಜಯವರ್ಮ ತಾಯಿಯ ಹೆಸರಿಗೆ 1186ರಲ್ಲಿ ತಾ ಪ್ರೋಮ್ ಕಟ್ಟಿದ, ತಂದೆಯ ಹೆಸರಿಗೆ 1191ರಲ್ಲಿ ಪ್ರೇಹ ಖಾನ್ ಕಟ್ಟಿದ, 102 ಆಸ್ಪತ್ರೆಗಳನ್ನು ನಡೆಸಿದ, ರಸ್ತೆಗಳ ಉದ್ದಕ್ಕೂ 121 ತಂಗುಮನೆ ಎಬ್ಬಿಸಿದ, ಕೊನೆಗೆ ಬಾಯೋನ್ ಗುಡಿಯ ಗೋಪುರಗಳ ಮೇಲೆ 200ಕ್ಕೂ ಮಿಕ್ಕಿದ ನಗುಮೊಗಗಳನ್ನು ಕೆತ್ತಿಸಿದ. ಅವು ಬೋಧಿಸತ್ವನ ಮುಖವೋ ರಾಜನದೇ ಮುಖವೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ನಮ್ಮ ಕಡೆಯವರನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದರು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಕಟ್ಟಡದ ಮೇಲೆ ನಾಲ್ಕೂ ದಿಕ್ಕಿಗೆ ನಗುವ ಮುಖ ಇದೆ ಎಂದರೆ ಅದು ಯಾರದು ಎಂದು ಕೇಳುವುದೇ ಅಧಿಕಪ್ರಸಂಗ.

ಈಗ ಸಿಯೆಮ್ ರೀಪ್ ಊರಿನ ಮಕ್ಕಳ ಆಸ್ಪತ್ರೆಗೆ ಜಯವರ್ಮನ ಹೆಸರಿದೆ. ಕಾಮದೇವ ಎಂದರೆ ನಮ್ಮ ಕಡೆ ಜನಕ್ಕೆ ನೆನಪಾಗುವುದು ಹೋಳಿ ಹುಣ್ಣಿವೆಯ ಕಾಮಣ್ಣ. ಆ ಕಾಮಣ್ಣನಿಗಾದರೂ ವರ್ಷಕ್ಕೊಮ್ಮೆ ಹಲಗೆ ಬಾರಿಸಿ, ಮೆರವಣಿಗೆ ತೆಗೆದು, ಗೌರವದಿಂದ ಸುಡುತ್ತಾರೆ. ಈ ಕಾಮದೇವನಿಗೆ ಅಷ್ಟೂ ಇಲ್ಲ. ಕದಂಬರ ಹೆಸರಿಗೆ ಬೇಡಿಕೆ ಇಲ್ಲವೆಂದಲ್ಲ. ಗೋವಾದವರು ತಮ್ಮ ಸರ್ಕಾರಿ ಬಸ್ಸಿಗೆ ಇಟ್ಟಿದ್ದಾರೆ, ನೌಕಾಪಡೆ ಕಾರವಾರದ ನೆಲೆಗೆ ಇಟ್ಟಿದೆ, ಬನವಾಸಿಯಲ್ಲಿ ಕದಂಬೋತ್ಸವದ ಹೆಸರಲ್ಲಿ ಪಂಪ ಪ್ರಶಸ್ತಿ ಕೊಡುತ್ತಾರೆ. ಹಾನಗಲ್ಲಿನ ಅರಸರು ಜೀವನವಿಡೀ ‘ಬನವಾಸಿಪುರವರಾಧೀಶ್ವರ’ ಎಂದು ಬರೆಸಿಕೊಂಡರು. ಜಿಲ್ಲೆ ಬೇರೆಯಾದ ಮೇಲೆ ಆ ಬಿರುದನ್ನು ಉತ್ತರ ಕನ್ನಡಕ್ಕೆ ವರ್ಗಾಯಿಸಲಾಗಿದೆ ಎಂದು ತಿಳಿಯಬೇಕು.

ನಮ್ಮ ಊರುಗಳಿಂದ ಕಾಂಬೋಡಿಯಾ ಟೂರು ಹೋಗಿಬಂದವರೂ ಇದ್ದಾರೆ. ತಾ ಪ್ರೋಮ್ ಗುಡಿಯನ್ನು ಮರದ ಬೇರು ತಬ್ಬಿಕೊಂಡಿರುವ ಫೋಟೊ ಫೋನಿನಲ್ಲಿ ತೋರಿಸಿ ‘ಏನ್ ನಿಸರ್ಗರಿ!’ ಎನ್ನುತ್ತಾರೆ. ಹಾನಗಲ್ಲ ಕೋಟೆಯ ಗೋಡೆಯಲ್ಲಿ ಅತ್ತಿ, ಆಲದ ಸಸಿ ಬೇರು ಬಿಟ್ಟರೆ ಮಾತ್ರ ಅದು ನಿಸರ್ಗ ಅಲ್ಲ, ನಿರ್ಲಕ್ಷ್ಯ. ಒಂದೇ ಬೇರು. ನಡುವೆ ವಿಮಾನದ ಟಿಕೆಟ್ಟು ಅಷ್ಟೆ.

ಇರಲಿ. ನಾನು ಹೇಳಹೊರಟದ್ದು ಕಾಮದೇವನ ಹುದ್ದೆಯ ಸಂಗತಿ. ಆತ ಮಹಾಮಂಡಲೇಶ್ವರ. ಕೇಳಲು ಬಹಳ ದೊಡ್ಡದು. ಕೆಲಸ ಏನೆಂದರೆ ಮೇಲಿನವನ ಹೆಸರನ್ನು ಮೇಲೆ ಬರೆಸುವುದು. ಆ ಕಾಲದ ಶಾಸನವೊಂದರ ಮುಂದೆ ಸುಮ್ಮನೆ ನಿಂತು ನೋಡಿ. ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು–ಕರು. ಅದರ ಕೆಳಗೆ ಚಕ್ರವರ್ತಿಯ ಬಿರುದು ಮಾರುದ್ದ: ಸಮಸ್ತ ಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಅವನ ರಾಜ್ಯ ಚಂದ್ರ ಸೂರ್ಯ ತಾರೆಗಳಿರುವ ತನಕ ಉತ್ತರೋತ್ತರ ಬೆಳೆಯುತ್ತಿರಲು, ‘ತತ್ಪಾದಪದ್ಮೋಪಜೀವಿ’ ಎಂಬ ಒಂದು ಮಾತು ಬರುತ್ತದೆ. ಅಂದರೆ ಆ ದೊಡ್ಡವರ ಪಾದಕಮಲದಿಂದ ಹೊಟ್ಟೆ ಹೊರೆಯುವವನು. ಅಲ್ಲಿಂದ ನಮ್ಮ ಮಹಾಮಂಡಲೇಶ್ವರನ ಪ್ರವೇಶ. ಅವನ ಮೂರು ಕಣ್ಣಿನ ಪೂರ್ವಜ, 18 ಅಶ್ವಮೇಧ, ಆನೆ. ಎಲ್ಲ ಮುಗಿದು ಕಲ್ಲಿನಲ್ಲಿ ಜಾಗ ಇನ್ನೇನು ತೀರಿತು ಎನ್ನುವಾಗ, ಯಾವನೋ ಒಬ್ಬ ಗಾವುಂಡ ಕೆರೆ ಕಟ್ಟಿಸಿದ್ದು, ಗುಡಿಯ ದೀಪಕ್ಕೆ ಇಷ್ಟು ಎಣ್ಣೆ, ನೈವೇದ್ಯಕ್ಕೆ ಇಷ್ಟು ಗದ್ದೆ ಬಿಟ್ಟದ್ದು ಒತ್ತೊತ್ತಿಗೆ ಬರುತ್ತದೆ. ಕೆಲಸ ಮಾಡಿದವನಿಗೆ ಕಾಲಬುಡದಲ್ಲಿ ನಾಲ್ಕು ಸಾಲು.

ಈಗ ಶಿಗ್ಗಾಂವಿಯಲ್ಲೋ ಹಿರೇಕೆರೂರಿನಲ್ಲೋ ಬಸ್ ಸ್ಟ್ಯಾಂಡಿಗೆ ಬಂದು ತಲೆ ಎತ್ತಿ. ಫ್ಲೆಕ್ಸಿನ ನೆತ್ತಿಯಲ್ಲಿ ಸಾಲಾಗಿ ಗುಂಡಗಿನ ಚಿತ್ರಗಳು, ಸೂರ್ಯ–ಚಂದ್ರರ ಜಾಗದಲ್ಲಿ ದೆಹಲಿ–ಬೆಂಗಳೂರಿನವರು. ಅದರ ಕೆಳಗೆ ಆಳೆತ್ತರಕ್ಕೆ ಕೈಮುಗಿದ ಮಂಡಲೇಶ್ವರ: ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಯುವಕರ ಕಣ್ಮಣಿ, ಕೊಡುಗೈ ದಾನಿ. ಬುಡದಲ್ಲಿ ಅಂಚೆಚೀಟಿ ಗಾತ್ರದ ಇಪ್ಪತ್ತು ಮೂವತ್ತು ಮುಖ, ‘ಶುಭ ಕೋರುವವರು’. 800 ವರ್ಷ ಕಳೆದರೂ ಕರಡು ಬದಲಾಗಿಲ್ಲ, ಕಲ್ಲು ಹೋಗಿ ಪ್ಲಾಸ್ಟಿಕ್ಕು ಬಂದಿದೆ. ಎರಡು ಸಂಗತಿಗಳನ್ನು ಮಾತ್ರ ಕೈಬಿಡಲಾಗಿದೆ. ಒಂದು, ಕೆರೆ ಕಟ್ಟಿಸಿದ ಗಾವುಂಡ. ಇನ್ನೊಂದು, ಕೊನೆಯ ಶಾಪ.

ಶಾಪದ ಸುದ್ದಿ ಮುಂದೆ ಹೇಳುತ್ತೇನೆ. ಬಾಳಿಕೆಯ ವಿಷಯದಲ್ಲಿ ಫ್ಲೆಕ್ಸಿಗೆ ನ್ಯಾಯ ಸಲ್ಲಬೇಕು. ಅದು ಆಚಂದ್ರಾರ್ಕ ಇರುವುದಿಲ್ಲ, ರೋಹಿಣಿ ಮಳೆಯತನಕವೂ ಇರುವುದಿಲ್ಲ. ಆದರೆ ಆಮೇಲೆ ಅದರ ನಿಜವಾದ ಜನಸೇವೆ ಶುರುವಾಗುತ್ತದೆ. ಗೋವಿನಜೋಳ ರಾಶಿಯಾದ ಮೇಲೆ ಡಾಂಬರು ರಸ್ತೆಯ ಅರ್ಧಕ್ಕೆ ಕಾಳು ಹರವುತ್ತಾರೆ. ಸಂಜೆ ಮೋಡ ಮುಚ್ಚಿದಾಗ ಅದರ ಮೇಲೆ ಹೊದಿಸಲು ಫ್ಲೆಕ್ಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ನಾಲ್ಕೂ ತುದಿಗೆ ಕಲ್ಲು ಹೇರಿಸಿಕೊಂಡು, ಮಳೆಯಲ್ಲಿ ಅಂಗಾತ ಮಲಗಿ, ಆಕಾಶಕ್ಕೆ ಕೈಮುಗಿಯುತ್ತ ‘ಬಡವರ ಬಂಧು’ ಒಂದು ರಾತ್ರಿಯ ಮಟ್ಟಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆ. ಹಳೆಯ ಶಾಸನಗಳೂ ಹೀಗೇ ಬಟ್ಟೆ ಒಗೆಯುವ ಕಲ್ಲಾಗಿ, ಹೊಲದ ಬದುವಾಗಿ, ಸೇತುವೆಯ ಚಪ್ಪಡಿಯಾಗಿ ಜನರ ಕೆಲಸಕ್ಕೆ ಬಂದಿವೆ. ಆಡಳಿತ ಕಟ್ಟಕಡೆಗೆ ಜನರನ್ನು ತಲುಪುವ ಬಗೆ ಇದು.

ಕಾಮದೇವನ ಕಷ್ಟವೆಂದರೆ ನೆತ್ತಿಯ ಮೇಲಿನ ಚಿತ್ರ ನಿಲ್ಲುತ್ತಿರಲಿಲ್ಲ. ಅವನು ಪಟ್ಟಕ್ಕೆ ಬಂದಾಗ ಕಲ್ಯಾಣದಲ್ಲಿ ಕಳಚುರಿಗಳು. ಎರಡು ಮೂರು ವರ್ಷದಲ್ಲಿ ಅವರು ಮುಗಿದು ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಬಂದ. 1189ರ ಹೊತ್ತಿಗೆ ನಮ್ಮವನು ಅವನ ಪಾದಪದ್ಮೋಪಜೀವಿ. ಅಷ್ಟರಲ್ಲಿ ಉತ್ತರದಿಂದ ಸೇವುಣ ಭಿಲ್ಲಮ ಇಳಿದ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಏರಿದ, ಸೋಮೇಶ್ವರ ಕಲ್ಯಾಣ ಕಳೆದುಕೊಂಡು ಬನವಾಸಿಯ ಕಡೆಗೆ ಸರಿದ. ಗದಗಿನ ಹತ್ತಿರ ಸೊರಟೂರಿನಲ್ಲಿ ಸೇವುಣರನ್ನು ಹೊಡೆದ ಬಲ್ಲಾಳ ಲಕ್ಕುಂಡಿಯಲ್ಲಿ ತಳವೂರಿದ. ಚಂದ್ರ ಸೂರ್ಯರು ಇದ್ದಲ್ಲೇ ಇದ್ದರು, ಪರಮಭಟ್ಟಾರಕರು ಮಾತ್ರ ಹತ್ತು ವರ್ಷದಲ್ಲಿ ಮೂರು ಸಲ ಬದಲಾದರು. ಕಲ್ಲು ಕೊರೆಯುವವನ ಫಜೀತಿ ಯೋಚಿಸಿ. ಸಮಸ್ತ ಭುವನಾಶ್ರಯ ಎಂದು ಉಳಿಹಿಡಿದು ಮುಗಿಸುವಷ್ಟರಲ್ಲಿ ಭುವನ ಬೇರೆಯವರ ಆಶ್ರಯಕ್ಕೆ ಹೋಗಿರುತ್ತಿತ್ತು.

ಇದನ್ನು ಓದಿ ಅಯ್ಯೋ ಪಾಪ ಎನ್ನುವ ಅಧಿಕಾರ ಈ ತಾಲೂಕುಗಳ ಜನಕ್ಕಂತೂ ಇಲ್ಲ. 2019ರ ಡಿಸೆಂಬರಿನಲ್ಲಿ ಹಿರೇಕೆರೂರು, 2021ರ ಅಕ್ಟೋಬರಿನಲ್ಲಿ ಹಾನಗಲ್ಲು, 2024ರ ನವೆಂಬರಿನಲ್ಲಿ ಸವಣೂರನ್ನೂ ಸೇರಿಸಿಕೊಂಡ ಶಿಗ್ಗಾಂವಿ, ಹೀಗೆ ಐದು ವರ್ಷದೊಳಗೆ ಮೂರು ಉಪಚುನಾವಣೆ ಕಂಡ ಸೀಮೆ ಇದು. ಒಂದು ಕಡೆ ಪಕ್ಷ ಬದಲಾಯಿತು, ಒಂದು ಕಡೆ ಸಾವು, ಒಂದು ಕಡೆ ಲೋಕಸಭೆಗೆ ಬಡ್ತಿ. ಕಾರಣ ಯಾವುದಾದರೇನು, ರಾಜಧಾನಿಯ ದೊಡ್ಡವರು ಬಂದು ಬೀಡುಬಿಟ್ಟರು, ಲಾಡ್ಜುಗಳು ತುಂಬಿದವು, ಮಂಡಕ್ಕಿ–ಮಿರ್ಚಿ ಖಾಲಿಯಾದವು, ಕಂಡು ಕೇಳರಿಯದ ರಸ್ತೆಗಳಿಗೆ ಭೂಮಿಪೂಜೆಯಾಯಿತು. 1196ರಲ್ಲಿ ಬಲ್ಲಾಳನೂ ಹೀಗೇ ಬಂದವನು. ಹಾನಗಲ್ಲಿನ ಆನೆಕೆರೆಯ ದಂಡೆಗೆ ಡೇರೆ ಹಾಕಿ ಊರನ್ನು ಮುತ್ತಿದ. ವ್ಯತ್ಯಾಸ ಒಂದೇ. ಅವನು ಒಳಗೆ ಬರುತ್ತೇನೆ ಎಂದ, ಇವರು ಬೇಡವೆಂದರು.

ಕಾಮದೇವನ ಬದುಕಿನಲ್ಲಿ ಬಿರುದುಗಳನ್ನೆಲ್ಲ ಕಿತ್ತಿಟ್ಟ ಮೇಲೂ ನಿಲ್ಲುವ ಸಂಗತಿ ಈ ಮುತ್ತಿಗೆ. ಎದುರಿಗಿದ್ದವನು ಸಣ್ಣ ಆಸಾಮಿಯಲ್ಲ. ‘ಗಿರಿದುರ್ಗಮಲ್ಲ’ ಎಂದು, ‘ಶನಿವಾರಸಿದ್ಧಿ’ ಎಂದು ಕರೆಸಿಕೊಂಡವನು. ಅವನ ಅಜ್ಜ ವಿಷ್ಣುವರ್ಧನ ಹಿಂದೊಮ್ಮೆ ಹಾನಗಲ್ಲನ್ನು ಹಿಡಿದು, ಅದನ್ನೂ ಬಿರುದಿಗೆ ಸೇರಿಸಿ ‘ಬನವಸೆ ಹಾನುಂಗಲ್ಗೊಂಡ’ ಎಂದು ಮೆರೆದಿದ್ದ. ಕಡೆಗಾಲಕ್ಕೆ ಶಿಗ್ಗಾಂವಿ ಮಗ್ಗುಲಿನ ಬಂಕಾಪುರದಲ್ಲಿ ಕೂತು ಆಳಿ ಅಲ್ಲೇ ತೀರಿಕೊಂಡ. ಹಾಗಾಗಿ ಮೊಮ್ಮಗನಿಗೆ ಹಾನಗಲ್ಲೆಂದರೆ ಅಜ್ಜನ ಆಸ್ತಿ, ಉತಾರದಲ್ಲಿ ಹೆಸರು ಏರಿಸುವುದಷ್ಟೇ ಬಾಕಿ. ಕಾಮದೇವ ಏರಿಸಲು ಬಿಡಲಿಲ್ಲ. ಅವನ ದಂಡನಾಯಕ ಸೋಹಣಿ ಮತ್ತು ಸೋಹಣಿಯ ಮಗ ಸೈನ್ಯ ಕಟ್ಟಿಕೊಂಡು ಹೊಯ್ಸಳರನ್ನು ಆ ಸಲದ ಮಟ್ಟಿಗೆ ಹಿಮ್ಮೆಟ್ಟಿಸಿದರು. ಸೋಹಣಿ ಕಾಳಗದಲ್ಲಿ ಸತ್ತ. ಇಷ್ಟೂ ನಮಗೆ ಗೊತ್ತಾಗುವುದು ಹಾನಗಲ್ಲಿನ ಒಂದು ವೀರಗಲ್ಲಿನಿಂದ. ಪ್ರಶಸ್ತಿ ಬರೆದ ಪಂಡಿತ ಹೇಳಿದ್ದಲ್ಲ, ಸತ್ತವನಿಗಾಗಿ ನಿಲ್ಲಿಸಿದ ಕಲ್ಲು ಹೇಳಿದ್ದು.

ವೀರಗಲ್ಲು ಎಂದರೆ ಗೊತ್ತಲ್ಲ, ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕುದುರೆ, ಬಿಲ್ಲು, ತುಳಿದಾಟ, ಬಿದ್ದವರ ಮೇಲೆ ಬಿದ್ದವರು. ನಡುವಿನಲ್ಲಿ ಅಪ್ಸರೆಯರು ಸತ್ತವನ ಎರಡೂ ರಟ್ಟೆ ಹಿಡಿದು ಮೇಲಕ್ಕೆ ಎತ್ತುತ್ತಿದ್ದಾರೆ. ಅವನ ಕಾಲು ಮಂಡಿಯಲ್ಲಿ ಮಡಚಿಕೊಂಡಿದೆ, ಮುಖದಲ್ಲಿ ಸ್ವಲ್ಪ ಮುಜುಗರ ಇದ್ದಂತಿದೆ. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಪಟ್ಟಿಕೆಗಳ ನಡುವಿನ ಅಡ್ಡದಿಂಡಿನ ಮೇಲೆ ಅಕ್ಷರ. ಶಾಸನದಲ್ಲಿ ಮೇಲಿಂದ ಕೆಳಗೆ ಇಳಿಯುತ್ತ ಹೋದರೆ ಮನುಷ್ಯ ಸಣ್ಣವನಾಗುತ್ತಾನೆ, ವೀರಗಲ್ಲಿನಲ್ಲಿ ಅದೇ ಮನುಷ್ಯ ಬುಡದಿಂದ ಮೇಲಕ್ಕೆ ಬರುತ್ತಾನೆ. ಸತ್ತರೆ ಮಾತ್ರ ಎಂಬ ಷರತ್ತು ಇದೆ. ಈಗಲೂ ಕಾರ್ಯಕರ್ತರಿಗೆ ಫ್ಲೆಕ್ಸಿನ ನಡುವೆ ದೊಡ್ಡ ಚಿತ್ರ ಸಿಗುವುದು ‘ಭಾವಪೂರ್ಣ ಶ್ರದ್ಧಾಂಜಲಿ’ ಬರೆದಾಗಲೇ.

ಬಲ್ಲಾಳ ಸುಮ್ಮನೆ ಬಿಡುವವನಲ್ಲ. ಕೆಲವೇ ವರ್ಷದಲ್ಲಿ ಸೀಮೆ ಅವನ ಕೈ ಸೇರಿತು. ಆದರೂ 1203–04ರಲ್ಲಿ ಕಾಮದೇವ ಹೊಯ್ಸಳರ ದಂಡಿನೊಂದಿಗೆ ಇನ್ನೂ ಗುದ್ದಾಡುತ್ತಿದ್ದ. ಸೋತೆನೆಂದು ಒಪ್ಪಿ, ಪಾದಪದ್ಮಗಳನ್ನು ಬದಲಾಯಿಸಿ, ನಿಗಮ ಮಂಡಳಿ ಕೇಳುವಷ್ಟು ತಿಳಿವಳಿಕೆ ಅವನಿಗೆ ಬರಲೇ ಇಲ್ಲ. ಮೊದಲು ಸಲೀಸಾಗಿ ಹೆಸರು ಬದಲಿಸಿದವನು ಈ ಸಲ ಯಾಕೆ ಹಟ ಹಿಡಿದ ಎಂಬುದು ನನಗೆ ಅವನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ. ರಾಜಕೀಯದಲ್ಲಿ ಇದನ್ನು ಅವನತಿ ಎನ್ನುತ್ತಾರೆ.

ಹಿರೇಕೆರೂರು ತಾಲೂಕಿನ ಅಬಲೂರಿಗೂ ಅವನಿಗೂ ಒಂದು ನಂಟಿದೆ. ಸರ್ವಜ್ಞನಿಗಾಗಿ ಮಾಸೂರಿನೊಂದಿಗೆ ಹಗ್ಗಜಗ್ಗಾಟ ನಡೆಸುವ ಅಬಲೂರೇ ಇದು. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಶಾಸನ ಇದೆ, ಜೆ. ಎಫ್. ಫ್ಲೀಟ್ ಅದನ್ನು ಓದಿ ಅಚ್ಚುಹಾಕಿಸಿದ. ಜೈನರ ಕೂಡ ಪಂಥ ಕಟ್ಟಿದ ರಾಮಯ್ಯ ತನ್ನ ತಲೆ ತಾನೇ ಅರಿದು, ಏಳು ದಿನಕ್ಕೆ ಅದನ್ನು ಮರಳಿ ಪಡೆದ. ಸೋತವರ ಜಿನಬಿಂಬ ಒಡೆಯಿತು. ವ್ಯಾಜ್ಯ ಕಳಚುರಿ ಬಿಜ್ಜಳನ ಹತ್ತಿರ ಹೋಗಿ ರಾಮಯ್ಯನಿಗೆ ಜಯಪತ್ರ ಸಿಕ್ಕಿತು ಎನ್ನುತ್ತದೆ ಶಾಸನ. ಏಳು ದಿನ ತಲೆ ಇಲ್ಲದೆ ಇದ್ದದ್ದನ್ನು ಹಿಂದಿನವರು ಪವಾಡ ಎಂದು ಕೊಂಡಾಡಿದರು. ಈಗ ಪೂರ್ಣಾವಧಿ ಐದು ವರ್ಷ ಮುಗಿಸಿ ಮರು ಆಯ್ಕೆ ಬಯಸುವವರನ್ನು ನೋಡಿ ಅಭ್ಯಾಸವಾಗಿದೆ. ನನಗೆ ಹಿಡಿಸುವುದು ಆಮೇಲಿನ ಭಾಗ. ಬಿಜ್ಜಳ ಕೊಟ್ಟ, ಅವನ ವೈರಿ ವಂಶದ ಸೋಮೇಶ್ವರ ಬಂದು ಅವನೂ ಕೊಟ್ಟ, ಕೊನೆಗೆ ಕಾಮದೇವ ಬಂದು ಅವನೂ ದತ್ತಿ ಬಿಟ್ಟ. ಸರ್ಕಾರ ಮೂರು, ಫಲಾನುಭವಿ ಒಬ್ಬರೇ. ಒಡೆದ ಬಿಂಬಗಳಿಗೆ ಯಾವ ಸರ್ಕಾರದಿಂದಲೂ ಪರಿಹಾರ ಬಂದದ್ದು ಶಾಸನದಲ್ಲಿ ಕಾಣುವುದಿಲ್ಲ. ಕಾಂಬೋಡಿಯಾದಲ್ಲಿ ಜಯವರ್ಮ ಕೆತ್ತಿಸಿದ ಬುದ್ಧರನ್ನೂ ಮುಂದೆ ಬಂದವರು ಉಳಿ ಹಿಡಿದು ಕೆತ್ತಿ ಕೆಲವನ್ನು ಲಿಂಗ ಮಾಡಿದರು. ಹಿಂದಿನ ಸರ್ಕಾರದ ಕಾಮಗಾರಿಗೆ ಹೊಸ ಬೋರ್ಡು ಹಾಕುವ ಪದ್ಧತಿ ಸಮುದ್ರದ ಆಚೆಗೂ ಇತ್ತೆನ್ನಿ.

ಇಂಥ ಕಾಮದೇವನ ಜಯಂತಿ ಮಾಡೋಣ ಎಂದು ನಾಳೆ ಯಾರಿಗಾದರೂ ಹೊಳೆದರೆ? ಊಹಿಸುವುದು ಕಷ್ಟವಲ್ಲ. ಪೂರ್ವಭಾವಿ ಸಭೆ ಕರೆಯುತ್ತಾರೆ. ಸವಣೂರಿನ ಖಾರಾ, ಚಹಾ, ಕೊನೆಗೆ ಸವಣೂರಿನದೇ ಎಲೆ–ಅಡಿಕೆ. ಅಧ್ಯಕ್ಷರ ಕುರ್ಚಿಯಲ್ಲಿ ಸಾಹೇಬರು. ಎದುರಿಗೆ ನಾಲ್ಕೂ ತಾಲೂಕಿನ ಮುಖಂಡರು. ಮೂಲೆಯಲ್ಲಿ, ಇತಿಹಾಸ ಓದಿದ ಪಾಪಕ್ಕೆ ಕರೆಸಿಕೊಂಡ ನಿವೃತ್ತ ಮಾಸ್ತರು.

‘ಯಾರ್ರೀ ಈ ಕಾಮದೇವ?’ ಎಂದು ಸಾಹೇಬರು.

ಮಾಸ್ತರು ಎದ್ದು 1180ರಿಂದ ಶುರುಮಾಡುತ್ತಾರೆ. ಸೋಮೇಶ್ವರನತನಕ ಬರುವಷ್ಟರಲ್ಲಿ ಒಬ್ಬ ಗೌಡರು ಕೈ ಅಡ್ಡ ಮಾಡುತ್ತಾರೆ. ‘ಅದೆಲ್ಲಾ ಇರ್ಲಿ ಮಾಸ್ತರ, ಮಂದಿ ಯಾವುದು ಅವರದು?’

‘ಹಳೇ ಕದಂಬರು ಮಾನವ್ಯ ಗೋತ್ರ ಅಂತ ಬರಸ್ಯಾರ್ರಿ.’

‘ಗೋತ್ರ ತಗೊಂಡ್ ಏನ್ ಮಾಡೂಣ್ರಿ? ಪ್ರವರ್ಗ ಹೇಳ್ರಿ. 2ಎ ಏನ್ 3ಬಿ?’

ಮಾಸ್ತರು ಸುಮ್ಮನಾಗುತ್ತಾರೆ. ಸಭೆಯಲ್ಲಿ ಉತ್ಸಾಹ ಅರ್ಧಕ್ಕೆ ಇಳಿಯುತ್ತದೆ. ಆದರೂ ಊರಿನ ಪ್ರಶ್ನೆ ಬಂದಾಗ ಮತ್ತೆ ಏರುತ್ತದೆ. ರಾಜಧಾನಿ ನಮ್ಮದು, ತಾರಕೇಶ್ವರ ಗುಡಿ ನಮ್ಮಲ್ಲಿದೆ, ಅದರ ಮುಚ್ಚಿಗೆಯ ತಾವರೆ ನೋಡಲು ಕತ್ತು ನೋಯುತ್ತದೆ, ವಿರಾಟನಗರವೂ ನಮ್ಮದೇ, ಕುಂತಿ ದಿಬ್ಬ ಇದೆ, ಆದ್ದರಿಂದ ಕಾರ್ಯಕ್ರಮ ಹಾನಗಲ್ಲಿನಲ್ಲೇ ಆಗಬೇಕು ಎನ್ನುತ್ತಾರೆ ಹಾನಗಲ್ಲಿನವರು. ಶಿಗ್ಗಾಂವಿಯವರು ಬಂಕಾಪುರದ ಕೋಟೆ, ಅರವತ್ತು ಕಂಬದ ಗುಡಿ ಎತ್ತುತ್ತಾರೆ. ಅಲ್ಲಿ ಖಿಲಾರಿ ದನ ಮತ್ತು ನವಿಲುಗಳಿಗೆ ಜಾಗ ಕೊಟ್ಟಾಗಿದೆ, ಒಬ್ಬ ರಾಜನಿಗೆ ಸಾಲದೇ? ಹಿರೇಕೆರೂರಿನವರು ಅಬಲೂರಿನ ಕಲ್ಲು ತೋರಿಸುತ್ತಾರೆ. ಸವಣೂರಿನವರು ಒಂದು ಎಲೆಗೆ ಸುಣ್ಣ ಹಚ್ಚುತ್ತ, ‘ನಮಗ ನವಾಬರದಾರ್ರಿ, ದೊಡ್ಡ ಹುಣಸಿಮರ ಅದಾವ. ನಿಮ್ದು ಮುಗೀಲಿ, ಆಮ್ಯಾಲ ಹೇಳ್ರಿ’ ಎಂದು ಸಮಾಧಾನದಿಂದ ಇದ್ದುಬಿಡುತ್ತಾರೆ. ನಾಲ್ವರಲ್ಲಿ ಅವರೇ ಸುಖಿಗಳು.

ಸ್ಮಾರಕ ಏನು ಕಟ್ಟೋಣ ಎಂಬ ವಿಷಯ ಬರುತ್ತದೆ. ಅರಮನೆ ಎಂದು ಎಲ್ಲರೂ ಒಕ್ಕೊರಲಿನಿಂದ. ಇದಕ್ಕೆ ಮಾದರಿ ಹತ್ತಿರದಲ್ಲೇ ಇದೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕ ನಾಯಕತನ ಬಿಟ್ಟು, ಕತ್ತಿ ಬಿಟ್ಟು, ತಂಬೂರಿ ಹಿಡಿದು ಕನಕದಾಸನಾಗಿ ನಡೆದುಬಿಟ್ಟ. ಸರ್ಕಾರ ಆ ಬಾಡದಲ್ಲಿ ಅವನಿಗೊಂದು ಹೊಸ ಅರಮನೆಯನ್ನೇ ಕಟ್ಟಿಸಿತು. ಬಿಟ್ಟುಹೋದವನಿಗೇ ಅರಮನೆ ಸಿಕ್ಕಿದೆ ಎಂದ ಮೇಲೆ, ಹೊಯ್ಸಳರಿಗೆ ಬಿಟ್ಟುಕೊಡೆನೆಂದು ಬಡಿದಾಡಿದವನಿಗೆ ಎರಡಾದರೂ ಬೇಕು.

ಮಾಸ್ತರು ಮೆಲ್ಲಗೆ ಜಯವರ್ಮನ ಹೆಸರು ತೆಗೆಯುತ್ತಾರೆ. ಅದೇ ಕಾಲದವನು, 102 ಆಸ್ಪತ್ರೆ. ಪ್ರತಿ ಆಸ್ಪತ್ರೆಗೆ ರಾಜನ ಉಗ್ರಾಣದಿಂದ ವರ್ಷಕ್ಕೆ ಮೂರು ಸಲ ಜೇನುತುಪ್ಪ, ಜೀರಿಗೆ, ಹಿಪ್ಪಲಿ ಹೋಗುತ್ತಿದ್ದವು, ಯಾವುದು ಎಷ್ಟು ಎಂದು ಕಲ್ಲಿನ ಮೇಲೆ ಬರೆಸಿದ್ದ. ಜನರ ಮೈನೋವು ರಾಜನಿಗೆ ತನ್ನ ನೋವಿಗಿಂತ ಹೆಚ್ಚಿನ ನೋವು ಎಂಬ ಅರ್ಥದ ಮಾತನ್ನೂ ಅಲ್ಲಿ ಕೊರೆಸಿದ್ದ. ‘ನಾವೂ ಕಾಮದೇವನ ಹೆಸರಿಗೆ ಒಂದು...’

‘ಔಷಧದ ಲೆಕ್ಕಾ ಕಲ್ಲಿನ ಮ್ಯಾಲ ಬರಸಿದ್ನಾ?’ ಸಾಹೇಬರಿಗೆ ನಂಬಲಾಗುವುದಿಲ್ಲ. ‘ಮಾಸ್ತರ, ಅಂಥಾ ಪದ್ಧತಿ ಇಲ್ಲಿ ತರಾಕ ಹೋಗಬ್ಯಾಡ್ರಿ. ಅಳಸಾಕೂ ಬರಂಗಿಲ್ಲ.’

ಅಳಿಸುವ ಮಾತು ಬಂದದ್ದರಿಂದ ಶಾಪದ ಬಾಕಿ ತೀರಿಸುತ್ತೇನೆ. ಶಾಸನಗಳ ಕೊನೆಗೆ ಒಂದು ಎಚ್ಚರಿಕೆ ಇರುತ್ತದೆ. ದಾನ ಕೊಟ್ಟ ಭೂಮಿಯನ್ನು, ತಾನೇ ಕೊಟ್ಟದ್ದಿರಲಿ ಬೇರೆಯವರು ಕೊಟ್ಟದ್ದಿರಲಿ, ಯಾರು ಕಸಿಯುತ್ತಾರೋ ಅವರು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾರೆ. ಕಂದಾಯ ಕಾಯಿದೆಗಿಂತ ಹಳೆಯದಾದ ಈ ಕಲಮನ್ನು ಯಾರೂ ರದ್ದು ಮಾಡಿಲ್ಲ. ನಮ್ಮ ಸೀಮೆಯಲ್ಲಿ ಕೆರೆಗೆ ಬಿಟ್ಟ, ಗುಡಿಗೆ ಬಿಟ್ಟ, ಬಸದಿಗೆ ಬಿಟ್ಟ ಭೂಮಿಗಳ ಕಲ್ಲುಗಳು ಹೆಜ್ಜೆಗೊಂದು ಸಿಗುತ್ತವೆ. ಆ ಭೂಮಿಗಳ ಮೇಲೆ ಈಗ ಏನೇನು ನಿಂತಿದೆ ಎಂದು ನೋಡಿದರೆ, ಹುಳುಗಳ ಜನಗಣತಿ ಬೇರೆಯಾಗಿ ನಡೆಸಬೇಕಾಗುತ್ತದೆ. ಕೇಂದ್ರ ಪುರಾತತ್ತ್ವ ಇಲಾಖೆಯದು ಬಲು ಮೃದು. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿತನಕ ದಂಡ, ಇಲ್ಲವೆ ಎರಡೂ. 100 ಮೀಟರ್ ಒಳಗೆ ಕಟ್ಟಡ ಎಬ್ಬಿಸುವಂತಿಲ್ಲ. 60,000 ವರ್ಷದ ಹುಳುಜನ್ಮಕ್ಕೇ ಜಗ್ಗದವರು ನೀಲಿ ಬೋರ್ಡಿಗೆ ಹೆದರುತ್ತಾರೆಯೇ? ಬೋರ್ಡಿನ ಕಂಬಕ್ಕೇ ಆಕಳು ಕಟ್ಟುತ್ತಾರೆ. ಹಿಮಾಲಯದ ಕಂಬಕ್ಕೆ ಆನೆ ಕಟ್ಟಿದವರ ನಾಡಿನಲ್ಲಿ ಅದೇನು ಹೊಸದಲ್ಲ.

ಸಭೆ ಕೊನೆಯ ವಿಷಯಕ್ಕೆ ಬಂತು: ಫ್ಲೆಕ್ಸು. ಕಾಮದೇವನ ಭಾವಚಿತ್ರ ಇಲ್ಲ. ಡಿಟಿಪಿ ಹುಡುಗ ಕೂತಲ್ಲೇ ಫೋನ್ ತೆಗೆದು ಹಳೆ ಕಾಲದ ರಾಜ ಎಂದು ಹುಡುಕಿದ. ಮುಚ್ಚಿದ ಕಣ್ಣು, ದಪ್ಪ ತುಟಿ, ತುಟಿಯಂಚಿನಲ್ಲಿ ನಗು, ಹಿಂದೆ ಕಟ್ಟಿದ ತುರುಬು. ‘ಇದು ಚಲೋ ಐತಿ ನೋಡ್ರಿ, ಮುಖದಾಗ ಕಳಾ ಐತಿ.’

‘ಅದು ಜಯವರ್ಮನ ತಲೀರೀ!’ ಎಂದರು ಮಾಸ್ತರು. ‘ಕಾಂಬೋಡಿಯಾದಾಂವ!’

‘ಯಾರಿಗ್ ಗೊತ್ತಾಗ್ತೈತ್ರಿ ಮಾಸ್ತರ. ಮೀಸಿ ಹಚ್ಚೂಣು, ಒಂದ್ ಪೇಟಾ ಸುತ್ತೂಣು. ಕಣ್ಣು ಮುಚ್ಚ್ಯಾವಲ್ಲ, ಅವನ್ನ ತೆರಸಾಕ ಬರತೈತೇನೋ?’

‘ಬರತೈತ್ರಿ ಗೌಡ್ರ. ಎರಡು ಸಾಕೋ, ಮೂರು ಬೇಕೋ?’ ಹುಡುಗ ಶಾಸನ ಓದಿದವನಲ್ಲ, ಮಾಸ್ತರು ಹೇಳಿದ್ದನ್ನು ಕೇಳಿಸಿಕೊಂಡಿದ್ದ.

ಮೇಲಿನ ಸಾಲಿನ ಗುಂಡು ಚಿತ್ರಗಳಿಗೆ ಅರ್ಧ ತಾಸು ಹಿಡಿಯಿತು. ಯಾರು ಎಡಕ್ಕೆ, ಯಾರು ಬಲಕ್ಕೆ, ಯಾರ ಮುಖ ಯಾರದಕ್ಕಿಂತ ಒಂದಂಗುಲ ದೊಡ್ಡದು. ಆಮೇಲೆ ‘ಶುಭ ಕೋರುವವರು’ ಪಟ್ಟಿ. ಮಾಸ್ತರು ಕಡೆಯ ಪ್ರಯತ್ನವೆಂಬಂತೆ ಒಂದು ಚೀಟಿ ಮುಂದೆ ತಳ್ಳಿದರು. ಅದರಲ್ಲಿ ಒಂದೇ ಹೆಸರು.

ಸಾಹೇಬರು ಕನ್ನಡಕ ಏರಿಸಿ ಓದಿದರು. ‘ಸೋಹಣಿ. ಇಂವ ಯಾವ ಊರಾಂವ್ರಿ?’

‘ಇಲ್ಲೇ, ಆನಿಕೆರಿ ಕಡೆ ಕಾದಿ ಸತ್ತಾಂವ್ರಿ ಸಾಹೇಬ್ರ. ಊರು ಉಳಿಸಿದಾಂವ.’

‘ಸತ್ತಾನೇನು?’ ಸಾಹೇಬರು ಚೀಟಿ ಮಡಚಿ ತಟ್ಟೆಯ ಕೆಳಗೆ ಇಟ್ಟರು. ‘ಹಂಗಾದ್ರ ಶುಭ ಕೋರಾಕ ಬರಂಗಿಲ್ಲ ಬಿಡ್ರಿ. ಮುಂದಿನ ಹೆಸರು ಹೇಳ್ರಿ.’